ಜಮಖಾನೆಯ ಅಧ್ಯಕ್ಷ

ನಾನು ಒಂದು ಸಂಘದ ಅಧ್ಯಕ್ಷ. ಹೀಗೆಂದ ಕೂಡಲೇ ಕೊರಳಲ್ಲಿ ಹಾರ ಹಾಕಿಕೊಂಡು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುವ ಒಬ್ಬ ದೊಡ್ಡ ಮನುಷ್ಯನನ್ನು ನೀವು ಕಲ್ಪಿಸಿಕೊಂಡಿದ್ದರೆ ಅದು ನಿಮ್ಮ ದೊಡ್ಡತನ, ನನ್ನದಲ್ಲ. ನನ್ನನ್ನು ಯಾರೂ ಆರಿಸಲಿಲ್ಲ. ಸಂಘಕ್ಕೆ ಕೂರಲು ಏನಾದರೂ ಹಾಸಬೇಕಾಗಿತ್ತು; ನನ್ನ ಹತ್ತಿರ ಜಮಖಾನೆ ಇತ್ತು. ಜಮಖಾನೆ ಯಾರದೋ ಅವನು ಎಲ್ಲರಿಗಿಂತ ಮೊದಲು ಬಂದು ಹಾಸಬೇಕು, ಎಲ್ಲರೂ ಹೋದ ಮೇಲೆ ಸುತ್ತಿಕೊಂಡು ಹೋಗಬೇಕು. ಮೊದಲು ಬಂದು ಕೊನೆಗೆ ಹೋಗುವವನನ್ನು ಲೋಕ ಒಂದೋ ಕಾವಲುಗಾರ ಎನ್ನುತ್ತದೆ, ಇಲ್ಲವೇ ಅಧ್ಯಕ್ಷ ಎನ್ನುತ್ತದೆ. ನಮ್ಮವರು ಮರ್ಯಾದಸ್ಥರು, ಎರಡನೆಯದನ್ನು ಆರಿಸಿಕೊಂಡರು.

ಸಂಘ ಯಾವುದು ಎನ್ನುತ್ತೀರಾ? ಗೋವಾದ ವಾಸ್ಕೋ ಊರಿನ, ಅದರ ಆಸುಪಾಸಿನ ಗೇ ಗಂಡಸರದು. ಪತ್ರಿಕೆಯವರು 'ಸಲಿಂಗಿಗಳು' ಎಂದು ಬರೆಯುತ್ತಾರೆ. ಆ ಪದ ಕೇಳಿದರೆ ನನಗೆ ಔಷಧಿ ಅಂಗಡಿಯ ಮೇಲಿನ ಅಟ್ಟದಲ್ಲಿರುವ, ಯಾರೂ ಕೊಳ್ಳದ ಸೀಸೆ ನೆನಪಾಗುತ್ತದೆ. ನಾವು ನಮ್ಮನ್ನು 'ರವಿವಾರದವರು' ಎಂದು ಕರೆದುಕೊಳ್ಳುತ್ತೇವೆ. ರವಿವಾರ ಮಧ್ಯಾಹ್ನ ಊಟದ ಮಂಪರು ಇಳಿಯುವ ಹೊತ್ತಿಗೆ, ಚರ್ಚಿನ ಹಿಂದಿನ ಗಲ್ಲಿಯಲ್ಲಿರುವ ಫ್ರಾನ್ಸಿಸ್‌ನ ಹಳೆಯ ಮನೆಯ ದೊಡ್ಡ ಹಜಾರದಲ್ಲಿ ಸೇರುತ್ತೇವೆ. ಚಹಾ ಕುಡಿಯುತ್ತೇವೆ, ಕೇರಂ ಆಡುತ್ತೇವೆ, ಒಬ್ಬರ ಪ್ರೇಮಕ್ಕೆ ಇನ್ನೊಬ್ಬರು ಸಲಹೆ ಕೊಟ್ಟು ಅದನ್ನು ಕೆಡಿಸುತ್ತೇವೆ. ಸಂಬಳವಿಲ್ಲ, ಕಚೇರಿಯಿಲ್ಲ, ಎಲ್ಲವೂ ಸ್ವಯಂಸೇವೆ. ಸ್ವಯಂಸೇವೆ ಅಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಚಹಾ ಹೇಗಿರಬೇಕೆಂದು ಎಲ್ಲರೂ ಸ್ವಯಂ ಹೇಳುತ್ತಾರೆ, ಲೋಟ ತೊಳೆಯುವ ಸೇವೆ ಅಧ್ಯಕ್ಷನದು. ನಮ್ಮದು ಪಾತ್ರೆ ಅಂಗಡಿಯಾದ್ದರಿಂದ ಲೋಟಗಳೂ ನನ್ನವೇ.

ಜಮಖಾನೆ ಮಾತ್ರ ನನ್ನದಲ್ಲ, ಅಜ್ಜಿಯದು. ನವಲಗುಂದದ ನೇಯ್ಗೆ, ನಡುವೆ ಪಗಡೆಯ ಹಾಸು, ಅಂಚಿಗೆ ನವಿಲು. ನಮ್ಮ ಮನೆಯವರು ಧಾರವಾಡದಿಂದ ವ್ಯಾಪಾರಕ್ಕೆಂದು ಘಟ್ಟ ಇಳಿದಾಗ, ಲಾರಿ ಘಟ್ಟದ ಬುಡದ ಮೊಲೆಂ ಮುಟ್ಟುವಷ್ಟರಲ್ಲಿ ಗಾಜಿನ ಸಾಮಾನೆಲ್ಲ ಚೂರಾಗಿ ಇದೊಂದು ಪೂರ್ತಿಯಾಗಿ ಉಳಿದಿತ್ತಂತೆ. ಅಜ್ಜಿ ಹೇಳುತ್ತಿದ್ದಳು: "ಕುರ್ಚಿ ಒಬ್ಬಾವಗ. ಜಮಖಾನಿ ಮ್ಯಾಲೆ ಒಬ್ಬನ ಕುಂತರ ಅಂವಾ ಜಗಳಾಡಿ ಬಂದಾನಂತ ತಿಳಕೋ." ನನ್ನ ಕನ್ನಡವೆಲ್ಲ ಈ ಅಜ್ಜಿ ಮತ್ತು ಅವಳ ಸರೀಕರ ಬಾಯಿಂದ ಬಂದದ್ದು. ಆದ್ದರಿಂದಲೇ ಬೈಯುವಾಗ ನನಗೆ ಎಂಬತ್ತು ವರ್ಷವಾಗಿಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಿರಿಯರು ಹಾಸಿಗೆಯ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು, ಜಮಖಾನೆಗೆ ಅದು ಸಲ್ಲುವುದಿಲ್ಲ. ಜಮಖಾನೆಯ ಮೇಲೆ ಇನ್ನೊಬ್ಬ ಬಂದರೆ ಇದ್ದವರು ಕಾಲು ಮಡಚುತ್ತಾರೆ, ಇಲ್ಲದ ಜಾಗ ಹುಟ್ಟಿಕೊಳ್ಳುತ್ತದೆ. ನಮ್ಮ ಸಂಘ ಬೆಳೆದದ್ದು ಹೀಗೆ, ಮೊಣಕಾಲು ಮಡಚಿ ಮಡಚಿ.

ಸಂಘಕ್ಕೆ ಇರುವುದು ಒಂದೇ ನಿಯಮ. ಅದನ್ನು ಮಾಡಿದವನು ಬೆಳಗಾವಿ ಕಡೆಯ ಒಬ್ಬ ಗಣಿತದ ಮಾಸ್ತರ. ನಾವೂ ಮಾಸ್ತರ ಎಂದೇ ಕರೆಯುತ್ತೇವೆ. ಹೊಸದಾಗಿ ಬಂದವರು ಒಂದು ಹೆಸರು ಹೇಳಬೇಕು, ಒಂದು ಖರೇ ಮಾತು ಹೇಳಬೇಕು. ಹೆಸರು ಯಾವುದಾದರೂ ನಡೆದೀತು, ಮಾತು ಮಾತ್ರ ಖರೇ ಇರಬೇಕು. ಆ ಮೇಲೆ ಅಧ್ಯಕ್ಷನೂ ತನ್ನದೊಂದು ಖರೇ ಮಾತು ಹೇಳಿ ಅವರ ಋಣ ತೀರಿಸಬೇಕು. ಜನ ಏನೇನೋ ಹೇಳಿದ್ದಾರೆ. ಮಡಗಾಂವ್‌ನಿಂದ ಬಂದವನೊಬ್ಬ ತಲೆ ತಗ್ಗಿಸಿ, ಕಣ್ಣಲ್ಲಿ ನೀರು ತಂದುಕೊಂಡು, "ನನಗೆ ಮೀನು ಸೇರುವುದಿಲ್ಲ" ಎಂದ. ಗೋವಾದಲ್ಲಿ ಗೇ ಆಗಿದ್ದೂ ಬಾಳಬಹುದು, ಇದು ಕಷ್ಟ. ಆದರೂ ದೊಡ್ಡ ಮನಸ್ಸು ಮಾಡಿ ಅವನನ್ನು ಸೇರಿಸಿಕೊಂಡೆವು.

ಇಷ್ಟು ಖರೇತನದ ಸಂಘದ ಅಧ್ಯಕ್ಷ ಮನೆಯಲ್ಲಿ ಒಂದು 'ಹೂಂ' ಅಂದಿದ್ದ. ಕಥೆಯೆಲ್ಲ ಆ ಹೂಂನಿಂದಲೇ.

ನಾನು ಮದುವೆಯಾದವನಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಅಣ್ಣ-ವೈನಿಯರ ಜೊತೆ ಇರುತ್ತೇನೆ. ಅಣ್ಣ ಗಿರಾಕಿಗಳೊಂದಿಗೆ ಮಾತ್ರ ಮಾತಾಡುವ ಮನುಷ್ಯ. ಮನೆಯನ್ನು ಮನೆ ಮಾಡಿದವರು ವೈನಿ. ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಕಾಲಕ್ಕೆ ಸೊಸೆಯಾಗಿ ಬಂದರು. ಅಂದಿನಿಂದ ನಾನು ತಿಂದ ರೊಟ್ಟಿಯೆಲ್ಲ ಅವರು ಬಡಿದದ್ದು. ಸಂಘ ಶುರುವಾದ ಮೊದಲ ರವಿವಾರ ಸುತ್ತಿದ ಜಮಖಾನೆಯನ್ನು ಹೆಗಲಿಗೇರಿಸಿ ಮೆಟ್ಟಿಲು ಇಳಿಯುತ್ತಿದ್ದೆ. ವೈನಿ ಅಡುಗೆಮನೆಯಿಂದಲೇ ಕೇಳಿದರು: "ಎಲ್ಲಿ ಹೊಂಟಿ ಶೇಖರ? ಭಜನಿಗೇನು?"

ನಮ್ಮ ಕಡೆಯ ಮನುಷ್ಯ ರವಿವಾರ ಮಧ್ಯಾಹ್ನ ಜಮಖಾನೆ ಹೊತ್ತು ಹೊರಟರೆ ಅವನು ಹೋಗಬಹುದಾದ ಜಾಗ ಒಂದೇ. ನಾನು "ಹೂಂ" ಎಂದೆ. ಬರೀ ಹೂಂ. ಅದರಲ್ಲಿ ಸುಳ್ಳು ಎಷ್ಟು, ಉಸಿರು ಎಷ್ಟು ಎಂದು ಯಾವ ಪಂಡಿತನೂ ಬೇರ್ಪಡಿಸಲಾರ. ಆದರೆ ಬಿತ್ತಿದ ಕಾಳು ಯಾವುದೆಂದು ಮಳೆ ಕೇಳುವುದಿಲ್ಲ, ಮೊಳೆಸಿಬಿಡುತ್ತದೆ. ವರ್ಷಗಟ್ಟಲೆ ನಾನು ರವಿವಾರ ಭಜನೆಗೆ ಹೋಗುವ ಭಕ್ತನಾದೆ. ನಾವಿರುವ ಮಂಗೋರ್ ಹಿಲ್‌ನ ಹೆಂಗಸರು ನನ್ನನ್ನು ತೋರಿಸಿ ತಮ್ಮ ಗಂಡಂದಿರಿಗೆ ಬುದ್ಧಿ ಹೇಳತೊಡಗಿದರು.

ಬೇರೆ ಊರಿನವರಾಗಿದ್ದರೆ ಕ್ರಿಕೆಟ್ ಅಂತಲೋ ವಾಕಿಂಗ್ ಅಂತಲೋ ಹೇಳಿ ಪಾರಾಗುತ್ತಿದ್ದರು. ಕನ್ನಡದವರ ಬೀಡಿನಲ್ಲಿ ಭಜನಾ ಮಂಡಳಿಯ ಹೆಸರು ಹೇಳುವ ತಪ್ಪನ್ನು ನಾನಲ್ಲದೆ ಬೇರೆ ಯಾರು ಮಾಡಿಯಾರು? ಕ್ರಿಕೆಟ್ ಆಡುವವರನ್ನು ಮನೆಗೆ ಕರೆದು ಆಡಿಸುವ ಪದ್ಧತಿಯಿಲ್ಲ. ಭಜನಾ ಮಂಡಳಿಯನ್ನು ಕರೆಯದೇ ಬಿಡುವ ಪದ್ಧತಿಯಿಲ್ಲ. ಹೋದ ಶ್ರಾವಣದಲ್ಲಿ ವೈನಿ ತಾಟಿಗೆ ರೊಟ್ಟಿ ಹಾಕುತ್ತ, "ಬರೋ ಸೋಮವಾರ ನಿಮ್ಮ ಮಂಡಳಿ ನಮ್ಮ ಮನಿಗೆ ಬರ್ಲಿ. ಎಲ್ಲಾರಿಗೂ ಹೇಳೇನಿ" ಎಂದರು. ಕೇಳಿದ್ದಲ್ಲ, ತಿಳಿಸಿದ್ದು.

ಸಂಘದಲ್ಲಿ ಸುದ್ದಿ ಹೇಳಿದಾಗ ನಕ್ಕವರು ಇನ್ನೂ ಪೂರ್ತಿ ನಿಲ್ಲಿಸಿಲ್ಲ. ಆದರೆ ಸ್ವಯಂಸೇವಕರ ಒಂದು ಗುಣ ನೋಡಿ: ಲೋಟ ತೊಳೆ ಎಂದರೆ ಕಣ್ಮರೆಯಾಗುವ ಮಂದಿ, ಅಸಾಧ್ಯವಾದದ್ದನ್ನು ಮಾಡು ಎಂದರೆ ತೋಳೇರಿಸುತ್ತಾರೆ. ಪದ ಬಲ್ಲವನು ಯಲ್ಲಪ್ಪನೊಬ್ಬನೇ. ಬಂದರಿನಲ್ಲಿ ಕ್ರೇನ್ ನಡೆಸುವ ಈ ವಿಜಯಪುರ ಕಡೆಯ ಆಸಾಮಿ ಬೆಳೆದದ್ದು ಇಲ್ಲಿಯದೇ ಬಾಯ್ನಾದ ಸಮುದ್ರದ ದಂಡೆಯಲ್ಲಿ. ಅವನ ತಾಯಿ ಹಾಡುತ್ತಿದ್ದ ಒಂದು ಪದದ ಎರಡು ಸಾಲು ಅವನಿಗೆ ಬರುತ್ತಿತ್ತು. ಮುಂದಿನದು? "ಉಳದದ್ದು ಅವ್ವನ ಸಂಗಾಟ ಹೋತರಿ," ಎಂದ. ವಾದ್ಯಕ್ಕೆ ಫ್ರಾನ್ಸಿಸ್ ಇದ್ದ; ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು, ಚರ್ಚಿನಲ್ಲಿ ಪಿಟೀಲು ಕಲಿತವನು. ಯಲ್ಲಪ್ಪ ಮತ್ತು ಫ್ರಾನ್ಸಿಸ್ ಬಹುಕಾಲದ ಜೋಡಿ. ಫ್ರಾನ್ಸಿಸ್ ಕನ್ನಡ ಕಲಿತದ್ದು ಜಗಳದ ಮೂಲಕ, ಹಾಗಾಗಿ ಅವನ ಕನ್ನಡ ಜಗಳಕ್ಕೆ ಬಹಳ ಚೆನ್ನಾಗಿ ಒದಗುತ್ತದೆ.

"ಏ ಪ್ರಾನ್ಸಿ, ಇದು ದೇವರ ಪದ ಐತಿ, ನಿಮ್ಮ ಲಗ್ನದ ಬ್ಯಾಂಡ್ ಅಲ್ಲ. ಸಾವಕಾಶ ಬಾರ್ಸು."

"ಮೊದಲ ನೀ ತಾಳ ಸರಿ ಹಾಕು ಬಾಬಾ. ಕ್ರೇನಿನ ಸರಪಳಿ ಜಗ್ಗಿದಂಗ ಜಗ್ಗಾಕತ್ತಿ."

ಮಾಸ್ತರನಿಗೆ ಒಂದೇ ಕೆಲಸ ಕೊಟ್ಟಿದ್ದೆವು: ಸಾಕು ಅನ್ನಿಸಿದಾಗ ಜೈಕಾರ ಹಾಕಿ ಮುಗಿಸುವುದು.

ಸೋಮವಾರ ಮನೆ ತುಂಬಾ ಮಂಗೋರ್ ಹಿಲ್‌ನ ಹೆಂಗಸರು. ನಾವು ಎರಡು ಸಾಲು ಹಾಡಿದೆವು. ಮತ್ತೆ ಅದೇ ಎರಡು ಸಾಲು ಹಾಡಿದೆವು. ಮೊದಲು ನಿಧಾನಕ್ಕೆ, ಆಮೇಲೆ ಚುರುಕಾಗಿ, ಆಮೇಲೆ ಯಲ್ಲಪ್ಪನ ತಾಳ ಮತ್ತು ಫ್ರಾನ್ಸಿಸ್‌ನ ಪಿಟೀಲು ತಮ್ಮ ಹಳೆಯ ಜಗಳವನ್ನು ಅಲ್ಲಿಯೇ ಮುಂದುವರಿಸಿದ್ದರಿಂದ ಗಾಳಿಗೆ ಬಿದ್ದ ಹಾಳೆಯ ಹಾಗೆ. ಮಾಸ್ತರ ಜೈಕಾರವನ್ನು ಮರೆತು ಕಣ್ಣು ಮುಚ್ಚಿ ತೂಗುತ್ತಿದ್ದ. ಮೀನು ಸೇರದ ಮಡಗಾಂವ್‌ನವನು ಎದ್ದು ಕುಣಿಯುತ್ತಿದ್ದ. ನಿಲ್ಲಿಸುವ ದಾರಿ ಕಾಣದೆ ಹಾಡಿಯೇ ಹಾಡಿದೆವು. ಹೆಂಗಸರು ಚಪ್ಪಾಳೆ ಹಿಡಿದರು, ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ಪಿಟೀಲಿನ ತಂತಿ ಹರಿದು ದೇವರೇ ಜೈಕಾರ ಹಾಕಿದ. ಒಬ್ಬ ಮುದುಕಿ ನನ್ನ ಗದ್ದ ಹಿಡಿದು ಹೇಳಿದಳು: "ಇಂಥಾ ಭಜನಿ ಕೇಳಿದ್ದಿಲ್ಲೋ ಯಪ್ಪಾ. ಎರಡ ಸಾಲಿನ್ಯಾಗ ಎಲ್ಲಾ ಹೇಳಿಬಿಟ್ರಿ."

ಗೆದ್ದೆವು ಎಂದು ನಾನು ಚುರಮುರಿಗೆ ಕೈ ಹಾಕುವಷ್ಟರಲ್ಲಿ ವೈನಿ ಚಹಾ ಕೊಡುತ್ತ ಎಲ್ಲರೆದುರು ಹೇಳಿದರು: "ರವಿವಾರ ನಾ ನಿಮ್ಮ ಮಂಡಳಿಗೆ ಬರ್ತೀನಿ. ಪಾಳಿ ತೀರಸಬೇಕಲ್ಲ."

ಪಾಳಿಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಭಜನೆಗೆ ದಕ್ಷಿಣೆ ಇಲ್ಲ, ಪಾಳಿ ಇದೆ. ನೀವು ನನ್ನ ಮನೆಗೆ ಬಂದು ಹಾಡಿದರೆ, ನಾನು ಕೈಯಲ್ಲಿ ಏನಾದರೂ ತಿನಿಸು ಹಿಡಿದು ನೀವು ಕೂಡುವ ಜಾಗಕ್ಕೆ ಬಂದು ಕೂತು ಕೇಳಬೇಕು. ಆಗಲೇ ಲೆಕ್ಕ ಸಮ. ಬರಬೇಡಿ ಎನ್ನುವ ಹಾಗಿಲ್ಲ. ಅಂದರೆ ಆ ಮನೆಯ ಅನ್ನ ಬೇಡ ಎಂದ ಹಾಗೆ. ಎಷ್ಟು ಚಂದದ ಪದ್ಧತಿ, ಎಷ್ಟು ಕೆಟ್ಟ ಸಮಯಕ್ಕೆ ನೆನಪಾಯಿತು ನೋಡಿ. ಇನ್ನು ಇದರ ಜೊತೆ ಮಾಸ್ತರನ ನಿಯಮವನ್ನೂ ಇಟ್ಟು ನೋಡಿ: ವೈನಿ ಹೊಸಬರು. ಅವರು ಒಂದು ಖರೇ ಮಾತು ಹೇಳುತ್ತಾರೆ. ಆಮೇಲೆ ಅಧ್ಯಕ್ಷ ಹೇಳಬೇಕು.

ಮಂಡಳಿ ಮೆಟ್ಟಿಲ ಬುಡದಲ್ಲೇ ತುರ್ತು ಸಭೆ ಸೇರಿತು. "ಮತ್ತ ಅದ ಎರಡು ಸಾಲು ಹಾಡೂಣ್ರಿ, ಆಕಿಗೇನ್ ಗೊತ್ತಾಗ್ತೈತಿ" ಎಂದ ಯಲ್ಲಪ್ಪ. ತಂತಿ ಹರಿದಿದೆ ಎಂದ ಫ್ರಾನ್ಸಿಸ್. ಅಧ್ಯಕ್ಷರಿಗೆ ಜ್ವರ ಬರಲಿ ಎಂದು ಇನ್ನೊಬ್ಬ ಸೂಚಿಸಿದ. ಮಾಸ್ತರ ಮಾತ್ರ ಕನ್ನಡಕ ಒರೆಸುತ್ತ, "ನಿಯಮ ಎಲ್ಲಾರಿಗೂ ಒಂದ, ಶೇಖರಣ್ಣ. ಆದ್ರ ನಿನಗ ಬ್ಯಾಡಾದ್ರ ನಾ ನಿಯಮಾನ ತಗದಹಾಕ್ತೀನಿ" ಎಂದ. ಆ ಮನುಷ್ಯ ತನ್ನ ನಿಯಮ ಬಿಡಲು ಒಪ್ಪಿದ್ದು ನನ್ನ ಕಣ್ಣಿಗೆ ತಂತಿ ಹರಿದದ್ದಕ್ಕಿಂತ ದೊಡ್ಡದಾಗಿ ಕಂಡಿತು. ವೈನಿಯ ಕಣ್ಣಿಗೆ ಬೀಳಲು ಇಷ್ಟವಿಲ್ಲದವರು ರವಿವಾರ ಮನೆಯಲ್ಲೇ ಇರಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದೆ. ಅಧ್ಯಕ್ಷನಾಗಿ ನಾನು ಹೊರಡಿಸಿದ ಮೊದಲ ಆಜ್ಞೆ ಅದು. ಅದನ್ನು ಒಬ್ಬರೂ ಪಾಲಿಸಲಿಲ್ಲ.

ಆ ವಾರವಿಡೀ ನಾನು ರೊಟ್ಟಿ ತಿನ್ನುವಾಗ ಅದನ್ನು ಬಡಿದ ಕೈ ನೋಡುತ್ತಿದ್ದೆ. ನನಗೆ ಇರುವುದು ಇದೊಂದೇ ಮನೆ. ವೈನಿ ಬೈದರೆ ತಡೆದುಕೊಂಡೇನು, ಬೈಗುಳದ ಸಾಕಷ್ಟು ಅಭ್ಯಾಸವಿದೆ. ಬೈಯದೆ ಸುಮ್ಮನೆ ತಾಟು ಮುಂದಕ್ಕೆ ತಳ್ಳಿ ಒಳಗೆ ಹೋದರೆ? ಆ ರೊಟ್ಟಿ ಹೇಗೆ ನುಂಗುವುದು?

ರವಿವಾರ ಹಜಾರಕ್ಕೆ ಹೋಗಿ ನೋಡಿದರೆ ಎಲ್ಲರೂ ಇದ್ದಾರೆ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿದ ತಲೆ, ಒಬ್ಬಿಬ್ಬರ ಮೀಸೆಗೆ ಹೊಸ ಕಪ್ಪು. ಹೆಣ್ಣು ನೋಡಲು ಬಂದವರ ಹಾಗೆ ಸಾಲಾಗಿ ಕೂತಿದ್ದಾರೆ. ಗೋಡೆಯ ಮೇಲಿದ್ದ ಫ್ರಾನ್ಸಿಸ್‌ನ ತಾಯಿಯ ಕಾಲದ ಅಲ್ತಾರಕ್ಕೆ, ಅದೇ ಮೇಣದಬತ್ತಿ, ಶಿಲುಬೆ, ಕಾಗದದ ಹೂವಿನ ದೇವರ ಗೂಡಿಗೆ, ಚಾದರ ಹೊದಿಸಲು ಯಲ್ಲಪ್ಪ ಸ್ಟೂಲು ಹತ್ತಿದ್ದ. ಫ್ರಾನ್ಸಿಸ್ ಕೆಳಗೆ ನಿಂತು, "ಅವ್ವನ ದೇವರ ಮುಚ್ಚು, ಆಮ್ಯಾಲೆ ನಿನ್ನೂ ಅದ ಚಾದರದಾಗ ಸುತ್ತತೀನಿ" ಎನ್ನುತ್ತಿದ್ದ. ಅಷ್ಟರಲ್ಲಿ ವೈನಿ ಬಾಗಿಲಲ್ಲಿ. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಒಂದು ಕ್ಷಣ ಅಲ್ತಾರ ನೋಡಿದರು, ಸ್ಟೂಲಿನ ಮೇಲಿನ ಯಲ್ಲಪ್ಪನನ್ನು ನೋಡಿದರು. ಚಪ್ಪಲಿ ಬಿಟ್ಟು ಒಳಬಂದು, ಡಬ್ಬಿಯನ್ನು ಅಲ್ತಾರದ ಮುಂದಿಟ್ಟು, ಮುಚ್ಚಳ ತೆಗೆದು ಕೈ ಮುಗಿದರು. ನೈವೇದ್ಯವಾಯಿತು. "ಇಳೀಪಾ ಕೆಳಗ, ಬಿದ್ದಗಿದ್ದಿ" ಎಂದರು ಯಲ್ಲಪ್ಪನಿಗೆ. ಆಮೇಲೆ ಜಮಖಾನೆಯ ನವಿಲಿನ ಅಂಚಿಗೆ ಕೂತರು. ಎಲ್ಲರೂ ಕಾಲು ಮಡಚಿದರು.

ಮಾಸ್ತರ ನಿಯಮ ಹೇಳಿದ. ನಾನು ಚಹಾದ ಲೋಟಗಳನ್ನು ಕೈಗೆತ್ತಿಕೊಂಡೆ.

"ಹೆಸರು ಯಾವದಾದ್ರೂ ನಡೀತದೇನು?" ಎಂದು ವೈನಿ ಕೇಳಿದರು. ನಡೀತದ ಎಂದ ಮಾಸ್ತರ.

"ಹಂಗಾರ ಚಂಪಾ."

ನಮ್ಮ ವೈನಿಯ ಹೆಸರು ಸುಮಂಗಲಾ. ನಾನು ಮುಖ ನೋಡಿದೆ. "ನಮ್ಮಪ್ಪ ಇಟ್ಟದ್ದು," ಎಂದರು ಅವರು, ನನಗಲ್ಲ, ಸಭೆಗೆ. "ಲಗ್ನದಾಗ ಇವರ ಮನಿಯವರು ಅಕ್ಕಿ ಮ್ಯಾಲೆ ಬ್ಯಾರೆ ಹೆಸರು ಬರದು ಬದಲಾ ಮಾಡಿದ್ರು. ಚಂಪಾ ಅಂತ ಕರಿಯೂವವರು ಯಾರೂ ಉಳದಿಲ್ಲ. ಇಲ್ಲೆ ಯಾವದಾದ್ರೂ ನಡೀತದ ಅಂದ್ರಲ್ಲ, ಅದಕ್ಕ ನಂದ ಹೇಳಿದೆ."

ಯಾರೋ ಮೆಲ್ಲಗೆ "ಚಂಪಾ ಅಕ್ಕಾರ" ಎಂದರು. ವೈನಿಯ ಕಿವಿ ಕೆಂಪಾಯಿತು.

"ಖರೇ ಮಾತು," ಎಂದು ನೆನಪಿಸಿದ ಮಾಸ್ತರ.

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೊನೆಗೆ, "ತಪ್ಪ ತಿಳಕೋಬ್ಯಾಡ್ರಿ," ಎಂದರು. "ನನಗ ಭಜನಿ ಅಂದ್ರ ನಿದ್ದಿ ಬರ್ತದ್ರಿ. ಹೆಣ್ಮಕ್ಕಳು ಕೂಡಿ ನಗಾಕ ಬ್ಯಾರೆ ಜಾಗಾ ಇಲ್ಲ, ಅದಕ್ಕ ಹೋಗಿ ಕುಂಡ್ರತೀನಿ. ನಿಮ್ಮದೊಂದ ಭಜನಿಯೊಳಗ ನಿದ್ದಿ ಬಂದಿಲ್ಲ ನೋಡ್ರಿ. ಅಷ್ಟ ಕೆಟ್ಟ ಹಾಡಿದ್ರಿ."

ಫ್ರಾನ್ಸಿಸ್ ನಗಲು ಶುರುಮಾಡಿದವನು ಯಲ್ಲಪ್ಪನ ಹೆಗಲ ಮೇಲೆ ಬಿದ್ದ. ಮಾಸ್ತರ ಕನ್ನಡಕ ತೆಗೆದ. ಆ ನಗೆಯಲ್ಲಿ ನಾನೊಬ್ಬನೇ ಲೋಟ ಹಿಡಿದು ನಿಂತಿದ್ದೆ. ಋಣ ತೀರಿಸುವ ಸರದಿ ನನ್ನದು. ಅಜ್ಜಿಯಿಂದ ಎಷ್ಟೊಂದು ಮಾತು ಕಲಿತಿದ್ದೆ, ಅಳೆದು ಸುರಿಯುವಷ್ಟು. ಅವಳು ಇದಕ್ಕೊಂದು ಮಾತು ಕೊಟ್ಟಿರಲಿಲ್ಲ. ಹಾಗಾಗಿ ಇದ್ದ ಮಾತಿನಲ್ಲೇ ಹೇಳಿದೆ.

"ವೈನಿ, ಇದು ಭಜನಾ ಮಂಡಳಿ ಅಲ್ಲರಿ."

"ಅದು ಸೋಮವಾರನ ಗೊತ್ತಾತು. ಮತ್ತ ಯಾತರದು?"

"ನಾ ಯಾಕ ಲಗ್ನಾ ಬ್ಯಾಡ ಅಂದೆ... ನನಗ ಹೆಣ್ಣಲ್ಲರಿ, ಗಂಡಸ್ರು ಮನಸಿಗೆ ಬರ್ತಾರ. ಮೊದಲಿಂದ. ಇಲ್ಲಿ ಕುಂತವರೂ ಹಂಗ. ವಾರಕ್ಕೊಮ್ಮೆ ಕೂಡತೀವಿ. ಚಹಾ ಕುಡೀತೀವಿ. ನಗ್ತೀವಿ."

ವೈನಿ ನನ್ನನ್ನು ನೋಡಲಿಲ್ಲ. ಒಬ್ಬೊಬ್ಬರ ಮುಖವನ್ನೂ ಸಾಲಾಗಿ ನೋಡುತ್ತ ಹೋದರು, ಅಂಗಡಿಯಲ್ಲಿ ಪಾತ್ರೆ ಬಡಿದು ನೋಡುವವರ ಹಾಗೆ. ಯಲ್ಲಪ್ಪನ ಹತ್ತಿರ ಬಂದಾಗ ಕಣ್ಣು ನಿಂತಿತು. ಅವನ ಹೆಗಲ ಮೇಲೆ ಇನ್ನೂ ಫ್ರಾನ್ಸಿಸ್‌ನ ಕೈ ಇತ್ತು.

"ಅದಕ್ಕ," ಎಂದರು ವೈನಿ, ಬಹಳ ದಿನದ ಒಗಟು ಬಿಡಿಸಿದವರ ಹಾಗೆ. "ನಾ ಸೋಮವಾರ ಅನಕೊಂಡೆ, ಇವರಿಬ್ಬರೂ ಥೇಟ ಗಂಡ-ಹೆಂಡ್ತಿ ಹಂಗ ಯಾಕ ಜಗಳಾಡ್ತಾರ ಅಂತ."

"ನೋಡ್ರಿ ಅಕ್ಕಾರ, ಇಂವಾ ದಿನಾ ಹಿಂಗ," ಎಂದು ಇಬ್ಬರೂ ಒಟ್ಟಿಗೆ ದೂರು ಹೇಳಲು ಶುರುಮಾಡಿದರು. ವೈನಿ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ರೊಟ್ಟಿ ಬಡಿಯುವ ದನಿಯೇ. "ಇಷ್ಟು ವರ್ಷ ಇದನ್ನ ನೀ ಒಬ್ಬನ ಮನಸಿನ್ಯಾಗ ಇಟಗೊಂಡು ಕುಂತಿದ್ದೇನು? ಹುಚ್ಚಪ್ಪ. ಚಹಾ ಆರಾಕತ್ತೈತಿ, ಕೊಡು."

ಹೋಳಿಗೆ ಹಂಚಿದರು. ಮೀನು ಸೇರದವನ ಕಥೆ ಕೇಳಿ ಬಹಳ ಮರುಗಿದರು, ಅವನಿಗೊಂದು ಹೆಚ್ಚು ಹಾಕಿದರು. ಕೇರಂನಲ್ಲಿ ಮಾಸ್ತರನನ್ನು ಸೋಲಿಸಿದರು. ಅವರು ಅಷ್ಟು ಜೋರಾಗಿ ನಗಬಲ್ಲರು ಎಂದು ನನಗೆ ತಿಳಿದದ್ದೇ ಅಂದು. ಒಂದೇ ಸೂರಿನಡಿ ಇಷ್ಟು ಕಾಲ ಇದ್ದೂ ನಾನು ಚಂಪಾಳನ್ನು ನೋಡಿರಲಿಲ್ಲ, ಅವರು ನನ್ನನ್ನು ನೋಡಿರಲಿಲ್ಲ.

ಎಲ್ಲರೂ ಹೋದ ಮೇಲೆ, ರೂಢಿಯಂತೆ, ಸ್ವಯಂಸೇವಕರು ಮಾಯ. ನಾನು ಜಮಖಾನೆ ಮಡಚಲು ನಿಂತೆ. ಒಬ್ಬನೇ ಜಮಖಾನೆ ಮಡಚುವುದನ್ನು ನೀವು ನೋಡಿದ್ದೀರಾ? ಈ ತುದಿ ಹಿಡಿದು ಆ ತುದಿಗೆ ಓಡಬೇಕು, ಅಲ್ಲಿಗೆ ಹೋಗುವಷ್ಟರಲ್ಲಿ ಇದು ಬಿಚ್ಚಿಕೊಂಡಿರುತ್ತದೆ. ಅಧ್ಯಕ್ಷಗಿರಿಯ ವ್ಯಾಯಾಮ ಅದು. ವೈನಿ ಆ ಕಡೆಯ ಎರಡು ಮೂಲೆ ಹಿಡಿದರು. "ಜಗ್ಗಿ ಹಿಡಿ, ಸಡ್ಲ ಬಿಡಬ್ಯಾಡ." ಝಾಡಿಸಿದೆವು, ಹೋಳಿಗೆಯ ಪುಡಿ ಹಾರಿತು. ಎದುರುಬದುರಾಗಿ ನಡೆದು ಬಂದು ಅವರು ತಮ್ಮ ಮೂಲೆಗಳನ್ನು ನನ್ನ ಕೈಗೆ ಕೊಟ್ಟರು.

"ಮುಂದಿನ ಪಾಳಿ ನಮ್ಮ ಮನ್ಯಾಗ," ಎಂದರು. "ಹಾಡೂದು ಬ್ಯಾಡ."

ಅಣ್ಣನಿಗೆ? ಎಂದು ನಾನು ಕೇಳಿದೆ. "ಅವರಿಗೆ ಯಾವಾಗ ಹೇಳೂದು ನೀ ಹೇಳು. ಅಲ್ಲಿತನಕ ಇದು ಭಜನೀನ." ಹಾಗೆಂದು ಸುರುಳಿಯ ಒಂದು ತುದಿ ತಾವೇ ಹೆಗಲಿಗೇರಿಸಿದರು. ಮುಂದೆ ವೈನಿ, ಹಿಂದೆ ನಾನು, ನಡುವೆ ಅಜ್ಜಿಯ ನವಿಲು. ಗಲ್ಲಿಯ ತಿರುವಿನಲ್ಲಿ ಅದೇ ಎರಡು ಸಾಲಿನ ಮುದುಕಿ ಎದುರಾದಳು.

"ಏನವ್ವಾ, ಭಜನಿ ಮುಗೀತೇನು?"

ನಾನು ಬಾಯಿ ತೆರೆಯುವ ಮೊದಲೇ ವೈನಿ, "ಹೂಂ" ಎಂದರು. ಎರಡು ಹೆಜ್ಜೆ ಹೋಗಿ, ತಿರುಗಿ ನೋಡದೆ ಸೇರಿಸಿದರು: "ಭಾಳ ಚಲೋ ಆತು."